ದಾರ ಕಚ್ಚುತ್ತಿರುವ ಅಕ್ಕ

ಆ ನೂಲಿನ ಎಳೆ ಚೌಕಟ್ಟಿನ ಗಾಜಿನ ಒಳಗಿದೆಯೋ ಹೊರಗಿದೆಯೋ, ಬೆರಳಿನಿಂದ ಸವರಿದರೆ ಹೋಗುತ್ತಿಲ್ಲ, ಅಂದರೆ ಒಳಗೆ, ಅಂದರೆ ಹಿಂದಿನ ನಾಲ್ಕು ಮೊಳೆ ಮತ್ತೆ ಕೀಳಬೇಕು, ರಟ್ಟು ಎತ್ತಬೇಕು, ಗಾಜು ಒರೆಸಬೇಕು, ಒರೆಸುವ ಬಟ್ಟೆಯೇ ಎಳೆ ಬಿಡುತ್ತದೆ, ಅದಕ್ಕೇ ಹಳೇ ಪೇಪರಿನಲ್ಲಿ ಒರೆಸೇ ಅಂದಿದ್ದಳು ಅಕ್ಕ, ಪೇಪರಿನಲ್ಲಿ ಒರೆಸಿದರೆ ಮಸಿ ಕೈಗೆ, ಕೈಯಿಂದ ಚಿತ್ರದ ಸುತ್ತ ಕೂರುವ ಬಿಳಿ ಅಂಚುರಟ್ಟಿಗೆ — ಹೋಗಲಿ ಬಿಡು, ಮೂರಡಿ ದೂರ ನಿಂತು ನೋಡುವವರಿಗೆ ಎಳೆ ಎಲ್ಲಿ ಕಾಣುತ್ತದೆ, ಕಾಣುತ್ತದೆ, ತಂಗಿಯಾದ ಅವಳಿಗೆ ಕಾಣುತ್ತದೆ, ಹದಿನೆಂಟು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ಕಣ್ಣು, ಇಡೀ ಪುಟ ಬಿಟ್ಟು ಇರುವ ಒಂದೇ ತಪ್ಪಿನ ಮೇಲೆ ಹೋಗಿ ಕೂರುತ್ತದೆ. ಹನ್ನೊಂದು ಆಗಿವೆ. ಗೋಡೆಗೆ ಒರಗಿಸಿಟ್ಟ ಹನ್ನೊಂದು ಚೌಕಟ್ಟು, ಮುಖ ಗೋಡೆ ಕಡೆಗೆ, ಶಿಕ್ಷೆಗೆ ನಿಲ್ಲಿಸಿದ ಮಕ್ಕಳ ಹಾಗೆ, ಬಲಭುಜ ಕತ್ತಿನವರೆಗೂ ಸೆಳೆಯುತ್ತಿದೆ, ನೆಲದ ಮೇಲೆ ಕೂತು ರಟ್ಟು ಕೊಯ್ದರೆ ಹೀಗೇ ಆಗುವುದು, ಮೇಜಿನ ಮೇಲೆ ಕೊಯ್ಯೋಣವೆಂದರೆ ಮೇಜೆಲ್ಲ ಅಕ್ಕನ ಹೊಲಿಗೆ ಮಿಷನ್ನು, ಶಾಲೆ ಯೂನಿಫಾರ್ಮಿನ ನೀಲಿ ಬಟ್ಟೆಯ ಗುಡ್ಡೆ. ಈ ಚೌಕಟ್ಟುಗಳು ಗುಜರಿ ಅಂಗಡಿಯವು, ಮುಚ್ಚಿಹೋದ ಯಾವುದೋ ವಿಮಾ ಕಚೇರಿಯಿಂದ ಬಂದಿದ್ದವು, ಎಲ್ಲದರಲ್ಲೂ ವರ್ಷದ ಅತ್ಯುತ್ತಮ ಏಜೆಂಟ್ ಅಂತ ಪ್ರಶಸ್ತಿಪತ್ರ, ಹನ್ನೆರಡು ವರ್ಷವೂ ಅದೇ ಮನುಷ್ಯ, ಅದೇ ಮೀಸೆ, ಮೀಸೆ ಮಾತ್ರ ವರ್ಷ ವರ್ಷಕ್ಕೆ ಬೆಳ್ಳಗೆ, ಪಾಪ ಕಣೇ, ಇಂಥವನೊಬ್ಬ ಇದ್ದೂ ಆಫೀಸ್ ಮುಚ್ಚಿಹೋಯ್ತಲ್ಲ, ಅಂದು ನಕ್ಕಿದ್ದಳು ಅಕ್ಕ, ನಗುವಾಗ ಬಾಯಿಗೆ ಅಡ್ಡ ಬರುವ ಆ ಕೈ. ಹೊಸ ಚೌಕಟ್ಟಿಗೆ ಕೊಡುವಷ್ಟು ಎಲ್ಲಿದೆ, ಎರಡು ತಿಂಗಳ ಓವರ್‌ಟೈಮ್ ಎಲ್ಲ ಫೋಟೋ ಪ್ರಿಂಟಿನ ಕಾಗದಕ್ಕೇ ಹೋಯಿತು. ಪ್ರದರ್ಶನಕ್ಕೆ ಲೈಬ್ರರಿ ಮೇಡಂ ಗೋಡೆಯನ್ನೇನೋ ಬಿಟ್ಟಿ ಕೊಟ್ಟಿದ್ದಾರೆ, ಮೊಳೆ ಮಾತ್ರ ಹೊಡೆಯೋ ಹಾಗಿಲ್ಲಮ್ಮ, ಸುಣ್ಣ ಉದುರುತ್ತೆ, ಪರದೆ ಕಂಬಿಯಿಂದ ಇಳಿಬಿಟ್ಕೊಳ್ಳಿ, ಐದು ಗಂಟೆಯೊಳಗೆ ತಂದು ತೂಗುಹಾಕಿ, ಆಮೇಲೆ ವಾಚ್‌ಮನ್ ಬೀಗ ಹಾಕಿಬಿಡ್ತಾನೆ — ಈಗ ಮೂರು ದಾಟಿದೆ, ನಾಳೆ ಹತ್ತಕ್ಕೆ ಜನ ಬರುತ್ತಾರೆ, ಬಂದರೆ, ಪ್ರೆಸ್ಸಿನವರು ನಾಲ್ಕು ಜನ, ಮೇಡಂ, ಪೇಪರ್ ಓದಲು ಬರುವ ನಿವೃತ್ತರು, ಮತ್ತೆ ಅಕ್ಕ. ಅಕ್ಕ ಬರುತ್ತೇನೆ ಅಂದಿದ್ದಾಳೆ. ಅವಳೇ ತೆಗೆದ ಹನ್ನೆರಡು ಫೋಟೋ, ಹನ್ನೆರಡು ಹೆಂಗಸರು, ಕೆಲಸದ ನಡುವೆ ಉಸಿರು ಬಿಡುವ ಒಂದು ಗಳಿಗೆ, ಡಿಪೋದ ಕಟ್ಟೆ ಮೇಲೆ ಚಪ್ಪಲಿ ಬಿಟ್ಟು ಕೂತ ಕಂಡಕ್ಟರ್, ಮೆಟ್ಟಿಲ ಕೆಳಗೆ ಕಣ್ಣು ಮುಚ್ಚಿದ ನರ್ಸ್, ಎಲ್ಲರೂ ಗಾಜಿನ ಹಿಂದೆ ಸೇರಿಯಾಯಿತು, ಉಳಿದದ್ದು ಒಂದು, ಮಂಚದ ಮೇಲೆ, ಎಣ್ಣೆಕಾಗದದ ಹಾಳೆಯ ಕೆಳಗೆ, ಅದರ ಕಡೆ ಅವಳು ನೋಡುತ್ತಿಲ್ಲ, ಎಳೆ ನೋಡುತ್ತಿದ್ದಾಳೆ.

ಇಪ್ಪತ್ತು ದಿನ ಕಾದಿದ್ದಳು ಅಕ್ಕನ ಆ ಒಂದು ಚಿತ್ರಕ್ಕೆ, ಕೇಳಲೂ ಇಲ್ಲ ಮೊದಮೊದಲು, ಸುಮ್ಮನೆ ಕ್ಯಾಮರಾ ಹಿಡಿದು ಕಿಟಕಿಯ ಪಕ್ಕ ಕೂರುವುದು, ಅಕ್ಕ ತಲೆ ಎತ್ತದೆ ಹೊಲಿಯುವುದು, ಕೊನೆಗೊಂದು ದಿನ ಅಕ್ಕನೇ, ಏನೇ ಅದು ಕೊಕ್ಕರೆ ಹಾಗೆ ಕಾಯ್ತಾ ಕೂತಿರ್ತೀಯ, ತೆಗೀ ಅತ್ಲಾಗೆ, ಅಂದು ದಾರವನ್ನು ಹಲ್ಲಿಗೆ ಕಚ್ಚಿ ಎಳೆದಳು, ಕ್ಲಿಕ್ — ದಾರ ಬಿಗಿಯಾಗಿ, ಬೆರಳು ಬಿಗಿಯಾಗಿ, ಕೆಳದುಟಿಯ ಎಡಮೂಲೆಯಲ್ಲಿ ಆ ಬಿಳಿ ಮಚ್ಚೆ, ಹತ್ತನೇ ಕ್ಲಾಸಿನಲ್ಲಿ ಸಾಸಿವೆಕಾಳಿನಷ್ಟು ಶುರುವಾಗಿ ತುಟಿಯ ಕಾಲುಭಾಗ ತಿಂದುಕೊಂಡು ಅಲ್ಲಿಗೇ ನಿಂತುಬಿಟ್ಟದ್ದು, ಕಿಟಕಿಯ ಬೆಳಕು ನೇರ ಅಲ್ಲಿಗೇ ಬಿದ್ದು. ಮನೆಯ ಆಲ್ಬಮ್ಮಿನಲ್ಲಿ ಎಲ್ಲೂ ಇಲ್ಲದ ಮಚ್ಚೆ. ಆಲ್ಬಮ್ಮಿನಲ್ಲಿ ಅಕ್ಕನೇ ಎಲ್ಲಿದ್ದಾಳೆ, ಯಾರದೋ ಭುಜದ ಹಿಂದೆ ಅರ್ಧ, ಯಾರನ್ನೋ ಕರೆಯಲು ತಿರುಗಿದ ಹಾಗೆ ಕಾಲು, ನೀನು ಸ್ವಲ್ಪ ಹಿಂದೆ ನಿಂತ್ಕೊಳೇ ಪುಟ್ಟಿ, ಅಕ್ಕನಿಗೆ ಹೇಳುವ ಅಮ್ಮನ ದನಿ, ಬೈಗುಳದ ದನಿಯಲ್ಲ, ಮಳೆ ಬರುತ್ತೆ ಒಳಗೆ ಬಾ ಅನ್ನುವಂಥ ದನಿ. ಪ್ರದರ್ಶನಕ್ಕೆ ನಾನೂ ಬರ್ತೀನಿ ಕಣೇ, ನನ್ನ ಪಕ್ಕ ನಾನೇ ನಿಂತ್ಕೋತೀನಿ, ಯಾರು ಅಸಲು ಯಾರು ನಕಲು ಹೇಳಲಿ ನೋಡೋಣ, ಅಂದಿದ್ದಳು ಅಕ್ಕ, ಮೊನ್ನೆ, ನೀಲಿ ಸೀರೆಗೆ ಇಸ್ತ್ರಿ ಹಾಕುತ್ತಾ. ಇವತ್ತು ಬೆಳಿಗ್ಗೆ ಸ್ಟುಡಿಯೋದಿಂದ ಬಂದ ಕವರು ಬಿಚ್ಚಿದರೆ ಮೇಲಿದ್ದದ್ದೇ ಅದು, ತುಟಿ ಪೂರ್ತಿ ಕಂದು, ನುಣ್ಣಗೆ, ಮಚ್ಚೆ ಇಲ್ಲ, ಮಚ್ಚೆ ಇದ್ದ ಸುಳಿವೂ ಇಲ್ಲ, ಆಗ ಒಂದು ಕ್ಷಣ, ಒಂದೇ ಕ್ಷಣ, ಅವಳ ಎದೆ ಹಗುರವಾಯಿತು, ಅಬ್ಬ ಎಷ್ಟು ಚೆಂದ ನಮ್ಮಕ್ಕ, ಅಂತ, ಆಮೇಲೆ ಕೋಪ ಬಂತು, ಬಂತು ನಿಜ, ಆದರೆ ಎರಡನೆಯದಾಗಿ ಬಂತು. ಮೊದಲು ಬಂದದ್ದು ಅದು. ಅದನ್ನು ಯಾರಿಗೆ ಹೇಳುವುದು. ಸ್ಟುಡಿಯೋಗೆ ಓಡಿದ್ದಳು ಬಿಸಿಲಲ್ಲಿ, ಗಲ್ಲದ ಅಂಕಲ್ ಒಬ್ಬರೇ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದರು, ನಲವತ್ತು ವರ್ಷದಿಂದ ಊರಿನ ಎಲ್ಲರಿಗೂ ಗಲ್ಲ ಮೇಲೆ, ಇನ್ನೂ ಸ್ವಲ್ಪ, ಅಂದೂ ಅಂದೂ ಆ ಹೆಸರೇ ನಿಂತಿದೆ, ಅಂಕಲ್ ಇದೇನು ಮಾಡಿದ್ರಿ, ಏನಮ್ಮ, ಬಣ್ಣ ಸರಿಯಾಗಿ ಬಂದಿಲ್ವ, ಅಂಕಲ್ ಅಕ್ಕನ ತುಟಿ, ಓ ಅದಾ, ಅವರ ಮುಖ ಅರಳಿತು, ಅರಳಿದ್ದೇ ನೋಡಲಾಗಲಿಲ್ಲ, ನಿಮ್ಮನೆ ಫೋಟೋ ಅಂದ್ರೆ ನಂಗೆ ಗೊತ್ತಿಲ್ವೇನಮ್ಮ, ನಿನ್ನ ಡಿಗ್ರಿ ಮುಗಿದಾಗ ಎಲ್ಲರೂ ಬಂದು ತೆಗೆಸಿಕೊಂಡ್ರಲ್ಲ, ನಿಮ್ಮಮ್ಮ ಬಾಗಿಲವರೆಗೂ ಹೋದವರು ವಾಪಸ್ ಬಂದು ಹೇಳಿದ್ರು, ದೊಡ್ಡವಳದ್ದು ಸ್ವಲ್ಪ ನೋಡ್ಕೊಳ್ಳಿ, ಅವಳೆದುರಿಗೆ ಹೇಳೋಕಾಗಲ್ಲ, ಅಂತ, ಆಗ ಮೂರು ಕೂದಲಿನ ಬ್ರಷ್ಷಲ್ಲಿ ನೆಗೆಟಿವ್ ಮೇಲೆ ಕೂತು ಮಾಡಿದ್ದೆ, ಈಗ ಮೌಸು, ಕಣ್ಣು ಬೇರೆ ಕಾಣಲ್ಲ, ಆದರೂ ಊಟಕ್ಕೆ ಏಳದೆ ಕೂತು ಮಾಡಿದೆ, ಚಾರ್ಜು ಗೀರ್ಜು ಏನೂ ಹಾಕಿಲ್ಲ ತಾಯಿ. ಅಮ್ಮ ಹೋಗಿ ಒಂಬತ್ತು ವರ್ಷ. ಹೇಳಿದ ಮಾತು ಮಾತ್ರ ಸ್ಟುಡಿಯೋದ ಕತ್ತಲ ಕೋಣೆಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ. ಇವರನ್ನು ಏನಂತ ಬೈಯುವುದು, ಬೈಯಲು ಬಾಯಿ ತೆರೆದರೆ ಬಂದದ್ದು, ಊಟ ಮಾಡಿ ಅಂಕಲ್, ಹೊತ್ತಾಯ್ತು. ಮೊದಲಿದ್ದ ಹಾಗೇ ಇನ್ನೊಂದು ಹಾಕಿಕೊಡ್ತೀನಮ್ಮ, ಅದಕ್ಕೇನಂತೆ, ಆದರೆ ನೀನು ತರಿಸಿದ ಆ ಮ್ಯಾಟ್ ಕಾಗದ ಮುಗೀತಲ್ಲ, ಬರೋಕೆ ಎಂಟು ದಿನ, ಮುಟ್ಟಬೇಡ ಮುಟ್ಟಬೇಡ, ಆ ಕಾಗದಕ್ಕೆ ಉಗುರು ತಾಗಿದರೂ ಬಣ್ಣ ಎದ್ದುಬರುತ್ತೆ. ಎಂಟು ದಿನ. ಗೋಡೆ ಇರುವುದೇ ನಾಲ್ಕು ದಿನ.

ಅವಳು ಮನೆಗೆ ವಾಪಸ್ ಬರುವಷ್ಟರಲ್ಲಿ, ಇಲ್ಲ, ಬಂದ ಮೇಲೆ, ರಟ್ಟಿನ ಅಳತೆ ತೆಗೆದುಕೊಳ್ಳಲು ಅದನ್ನು ಮಂಚದ ಮೇಲಿಟ್ಟು ಟೇಪು ಹುಡುಕಲು ಒಳಗೆ ಹೋದದ್ದೇ ತಪ್ಪು, ಮುಚ್ಚಿಡಬೇಕಿತ್ತು, ಯಾಕೆ ಮುಚ್ಚಬೇಕು, ಮುಚ್ಚಿ ಮುಚ್ಚಿಯೇ ಅಲ್ಲವೇ — ಹೊರಗೆ ಬಂದರೆ ಅಕ್ಕ ಮಂಚದ ಅಂಚಿಗೆ ಕೂತಿದ್ದಳು, ತೊಡೆಯ ಮೇಲೆ ಚಿತ್ರ, ಬಾಗಿಲಿಗೆ ಬೆನ್ನು. ಅಕ್ಕಾ, ಅದು ಅಂಕಲ್ ತಿಳೀದೆ, ನಾನು ಹೇಳಿರಲಿಲ್ಲ, ಆಣೆಗೂ ನಾನು ಹೇಳಿರಲಿಲ್ಲ. ಅಕ್ಕ ತಿರುಗಲಿಲ್ಲ. ಗೊತ್ತು ಬಿಡೇ, ಅದಕ್ಯಾಕೆ ಆಣೆ. ಚೆನ್ನಾಗೇ ಮಾಡಿದಾರೆ, ನೋಡು, ನಾಟಕದ ಹೀರೋಯಿನ್ ಆಗಿಬಿಟ್ಟೆ ಈ ವಯಸ್ಸಲ್ಲಿ. ಅಕ್ಕಾ, ಇದನ್ನ ಹಾಕಲ್ಲ ನಾನು, ಹನ್ನೊಂದೇ ಇರಲಿ. ಹನ್ನೊಂದೇ ಇರಲಿ ಅಂದ್ರೆ ನಾನೊಬ್ಬಳು ಬೇಡ ಅಂತ ತಾನೇ, ಅಂದಳು ಅಕ್ಕ, ನಗುತ್ತಲೇ ಅಂದಳು, ಹಾಕಿದರೆ ಅಮ್ಮ ಮಾಡಿದ್ದೇ, ಬಿಟ್ಟರೂ ಅಮ್ಮ ಮಾಡಿದ್ದೇ, ಸ್ವಲ್ಪ ಹಿಂದೆ ನಿಂತ್ಕೊಳೇ ಪುಟ್ಟಿ. ನಾನೇನು ಹೇಳ್ಲಿ, ಇದನ್ನೇ ಹಾಕು, ಹೊತ್ತಾಗ್ತಿದೆ, ಅಂದಳು ಅಕ್ಕ, ಆಗಲೇ ಅವಳು ನೋಡಿದ್ದು, ಭುಜದ ಈಚೆಯಿಂದ, ಅಕ್ಕನ ಹೆಬ್ಬೆರಳು ಆ ಮುಖದ ಮೇಲೆ ಓಡಾಡುತ್ತಿರುವುದು, ಹಿಂದೆ ಮುಂದೆ, ಹಿಂದೆ ಮುಂದೆ, ತುಟಿ ಇರುವಲ್ಲಿ, ಮುಟ್ಟಬೇಡ ಅನ್ನಬೇಕೆನಿಸಿ ಅನ್ನಲಾಗಲಿಲ್ಲ, ಸವರಿಕೊಳ್ಳಲಿ ಪಾಪ, ನಲವತ್ತೇಳು ವರ್ಷದವಳು, ಹತ್ತನೇ ಕ್ಲಾಸಿನಿಂದೀಚೆಗೆ ಒಮ್ಮೆ ತನ್ನದೇ ತುಟಿ ಇಷ್ಟು ಹತ್ತಿರದಿಂದ ಪೂರ್ತಿ ನೋಡಿದ್ದಾಳೆ, ಸವರಿಕೊಳ್ಳಲಿ. ಆ ಮೇಲೆ ಅಕ್ಕ ಎಣ್ಣೆಕಾಗದ ಮುಚ್ಚಿ ಎದ್ದು ಹೋದಳು, ಸ್ನಾನ ಮಾಡ್ತೀನಿ, ತೂಗುಹಾಕೋಕೆ ನಾನೂ ಬರ್ತೀನಿ, ನೀನೊಬ್ಬಳೇ ಏಣಿ ಹತ್ತಿ ಬಿದ್ದುಗಿದ್ದೀಯ. ನೀರಿನ ಸದ್ದು ಬರುತ್ತಿದೆ ಒಳಗಿನಿಂದ. ಮೂರೂವರೆ. ಎಳೆ ಹಾಗೇ ಇರಲಿ, ಕಂಡಕ್ಟರಮ್ಮನ ಕಾಲ ಬಳಿ ಎಳೆಯೊಂದಿದ್ದರೆ ಏನಾಗುತ್ತದೆ, ಏಳು, ಏಳಬೇಕು, ಮಂಡಿ ಚಟ್ ಅನ್ನುತ್ತದೆ, ಹೆಬ್ಬೆರಳು ಹಿಂದೆ ಮುಂದೆ, ಅದನ್ನೇ ಯೋಚಿಸುತ್ತಾ ಹನ್ನೆರಡನೆಯ ರಟ್ಟನ್ನು ಕೊಯ್ದಿದ್ದಾಳೆ, ಆಶ್ಚರ್ಯ, ಇದೊಂದು ಮಾತ್ರ ಓರೆಯಾಗಿಲ್ಲ, ಹಾಕಿಬಿಡೋಣ, ಅಕ್ಕನಿಗೆ ಬೇಕಿದ್ದರೆ ಇರಲಿ, ಬೇಕಿರಬಾರದೇಕೆ, ಒಂದು ಕ್ಷಣ ನನಗೇ ಬೇಕಾಗಿತ್ತಲ್ಲ, ನಾನು ಯಾರು ಅವಳ ಮಚ್ಚೆಯನ್ನು ಊರಿಗೆ ತೋರಿಸಿ ದೊಡ್ಡವಳೆನಿಸಿಕೊಳ್ಳಲು, ನಾಳೆ ಅವಳು ಆ ಚಿತ್ರದ ಪಕ್ಕ ನಿಂತರೆ ಜನ ಚಿತ್ರ ನೋಡುತ್ತಾರೆ, ಅವಳನ್ನು ನೋಡುತ್ತಾರೆ, ಮತ್ತೆ ಚಿತ್ರ ನೋಡುತ್ತಾರೆ, ಆಗ ಅವಳು ಬಾಯಿಗೆ ಕೈ ಅಡ್ಡ — ಹಾಕಿಬಿಡೋಣ, ಸಾಕಾಗಿದೆ, ಭುಜ ಸಾಕಾಗಿದೆ, ಹಿಂದೆ ಮುಂದೆ, ಎಣ್ಣೆಕಾಗದ ಎತ್ತಿದಳು, ಕಿಟಕಿಯ ಬೆಳಕು ಓರೆಯಾಗಿ ಹಾಳೆಯ ಮೇಲೆ ಬಿತ್ತು, ಧೂಳೆಂದು ಊದಿದಳು, ಹೋಗಲಿಲ್ಲ, ಬಗ್ಗಿ ನೋಡಿದಳು, ಧೂಳಲ್ಲ. ಕೆಳದುಟಿಯ ಎಡಮೂಲೆ. ಕಂದು ಎದ್ದುಹೋಗಿದೆ. ಬಟ್ಟೆಯ ಮೇಲಿನ ಸೀಮೆಸುಣ್ಣದ ಗೆರೆಯನ್ನು ಉಗುರಲ್ಲಿ ಕೆರೆದು ತೆಗೆಯುವ ಹಾಗೆ, ಅಷ್ಟೇ ಜಾಗ, ಒಂದು ಕೂದಲೆಳೆ ಆಚೆಗಿಲ್ಲ, ಕಚ್ಚಿದ ದಾರಕ್ಕೆ ತಾಗಿಲ್ಲ, ಹಲ್ಲಿಗೆ ತಾಗಿಲ್ಲ, ಕನ್ನಡಿಯಿಲ್ಲದೆ ಅಳತೆ ಗೊತ್ತಿರುವ ಬೆರಳು, ಬಣ್ಣದ ಕೆಳಗಿನಿಂದ ಕಾಗದ ಕಾಣುತ್ತಿದೆ, ಅಂಚು ಒರಟೊರಟಾಗಿ, ಸ್ವಲ್ಪ ನವಿರೆದ್ದು, ಒಳಗೆ ನೀರಿನ ಸದ್ದು ನಿಂತಿದೆ, ಅವಳು ಹಾಳೆಯನ್ನು ರಟ್ಟಿನ ಕೆಳಗೆ ಇಡುತ್ತಾಳೆ, ಗಾಜು ಇಡುತ್ತಾಳೆ, ಎಳೆ ಇದೆಯೇ ಎಂದು ನೋಡುವುದಿಲ್ಲ, ಹೆಬ್ಬೆರಳು ಹಿಂದೆ, ಮುಂದೆ, ಸವರುತ್ತಿರಲಿಲ್ಲ, ಹಿಂದೆ, ಮುಂದೆ, ಆ ಬಿಳಿ, ಅಕ್ಕನ ತುಟಿಯ ಮೇಲೆ ಕಾಗದದ ಬಿಳಿ