ಗಲ್ಲಿ ದಾಟಿದ ವೈಫೈ

ಮೂರು ಗಂಟೆಗೆ ಗುಜರಿಯವನು ಬರುತ್ತಾನೆಂದು ಮೈದುನ ಜಿಂಗ್‌ಕುನ್ ಬೆಳಿಗ್ಗೆಯೇ ಸಾರಿಬಿಟ್ಟಿದ್ದ. ತಗಡಿನ ಶೆಡ್ಡಿನಲ್ಲಿದ್ದ ಎರಡು ಕಸೂತಿ ಯಂತ್ರಗಳು ತೊಲಗಿದರೆ ಅವನ ಕಾರಿಗೆ ಜಾಗವಾಗುತ್ತಿತ್ತು. ಬೀಯುನ್‌ಗೆ ಅವು ಇಪ್ಪತ್ತೆರಡು ವರ್ಷದ ಅನ್ನ.

ಯಂತ್ರಗಳಿಗೇನೂ ರೋಗವಿರಲಿಲ್ಲ. ಆದರೆ ಗಿರಾಕಿಗಳು ಈಗ ಚಿತ್ತಾರಗಳನ್ನು ಇಂಟರ್ನೆಟ್ಟಿನಲ್ಲಿ ನೇರವಾಗಿ ಯಂತ್ರದ ಕಂಪ್ಯೂಟರಿಗೇ ಕಳಿಸುತ್ತಿದ್ದರು. ಆ ಮುದಿ ಕಂಪ್ಯೂಟರುಗಳಿಗೋ ವೈಫೈ ವಿಷಯದಲ್ಲಿ ಶುದ್ಧ ಕಿವುಡು. ತಂತಿ ಚುಚ್ಚಿದರೆ ಮಾತ್ರ ಕೇಳಿಸುತ್ತಿತ್ತು. ಇಂಟರ್ನೆಟ್ ಇದ್ದದ್ದು ಗಲ್ಲಿಯಾಚೆಯ ಮನೆಯಲ್ಲಿ. ಜಿಂಗ್‌ಕುನ್ ಗಲ್ಲಿಯ ಮೇಲೆ ನಲವತ್ತು ಮೀಟರ್ ತಂತಿ ಎಳೆದಿದ್ದ. ಮೂರನೇ ದಿನ ಕಸದ ಲಾರಿ ಹಾಡು ಹೇಳಿಕೊಂಡು ಬಂದು ಅದನ್ನು ಕಿತ್ತುಹಾಕಿತು. ತನ್ನ ಕೈಲಾಗದ್ದು ಲೋಕದಲ್ಲಿ ಯಾರ ಕೈಲೂ ಆಗದು ಎನ್ನುವ ಜಾತಿ ಅವನದು.

ಬೀಯುನ್ ಬೀರುವಿನಿಂದ ಹಳೇ ರೂಟರ್ ತೆಗೆದಳು. ಮನೆಯ ವೈಫೈಯನ್ನು ಗಾಳಿಯಲ್ಲೇ ಹಿಡಿದು ತಂತಿಗೆ ದಾಟಿಸುವಂತೆ ಅದನ್ನು ಪಳಗಿಸಲು ವಾರ ಹಿಡಿಯಿತು. ಮೊದಮೊದಲು ಎರಡು ರೂಟರೂ ತಾನೇ ಯಜಮಾನಿ ಎಂದು ಅತ್ತೆ ಸೊಸೆಯರಂತೆ ಕಿತ್ತಾಡಿದವು. ಹಳೆಯದಕ್ಕೆ ಬೇರೆ ವಿಳಾಸ ಕೊಟ್ಟು ಯಜಮಾನಿಕೆ ಬಿಡಿಸಿದ ಮೇಲೆ ಜಗಳ ನಿಂತಿತು.

ಇವತ್ತು ಅದನ್ನು ಶೆಡ್ಡಿನ ಕಿಟಕಿಯಲ್ಲಿಟ್ಟು ಎರಡೂ ಕಂಪ್ಯೂಟರುಗಳ ತಂತಿ ಚುಚ್ಚಿದಳು. ಯಂತ್ರ ಮೊಂಡಾಟ ಮಾಡದಿರಲೆಂದು ಆ ಊರಿನವರೆಲ್ಲ ರಕ್ಷೆಯಾಗಿ ಇಡುವಂತೆ ತೆಂಗಿನ ರುಚಿಯ ಕುರುಕಲು ತಿಂಡಿಯ ಹಸಿರು ಪೊಟ್ಟಣವೊಂದನ್ನು ರೂಟರಿಗೆ ಒರಗಿಸಿದಳು. ಹಳಸಿದ ತಿಂಡಿಯ ರಕ್ಷೆ ಫಲಿಸದೆಂದು ಅವಧಿ ಮೀರಿಲ್ಲವೆಂದೂ ನೋಡಿಕೊಂಡಿದ್ದಳು. ಆದರೂ ವೈಫೈ ಸಿಕ್ಕದೆ ರೂಟರಿನ ದೀಪ ಕೆಂಪಾಗಿಯೇ ಇತ್ತು.

"ಅತ್ತಿಗೆ, ಎರಡೂವರೆ ಆಯ್ತು," ಎಂದ ಜಿಂಗ್‌ಕುನ್, ಬಾಗಿಲಿಗೊರಗಿ ಚಹಾ ಹೀರುತ್ತ. "ಆ ಡಬ್ಬಕ್ಕೂ ಗುಜರಿಯವನ ಹತ್ರ ರೇಟ್ ಕೇಳ್ಲಾ?"

"ನಿನ್ನ ಬಾಯಿಗೆ ಕೇಳಪ್ಪ. ಕೆ.ಜಿ.ಗಟ್ಲೆ ಇದೆ."

ತಂತಿ ಕಿತ್ತು ಚುಚ್ಚಿದಳು, ಆರಿಸಿ ಹಚ್ಚಿದಳು. ಕೆಂಪು. ಗಲ್ಲಿಯ ತುದಿಯಲ್ಲಿ ಗುಜರಿ ಗಾಡಿಯ ಮೈಕು ಕೂಗತೊಡಗಿತು. ಅವಳಿಗೆ ಅಳುವೇ ಬಂತು, ಅದರ ಬೆನ್ನಿಗೇ ಸಿಟ್ಟು.

"ಸುಮ್ನೆ ಕೂರೋಕೆ ಬಂದಿದೀಯಾ, ದಂಡಪಿಂಡ!" ಎಂದು ಎಸೆಯಲು ಪೊಟ್ಟಣವನ್ನೆತ್ತಿದಳು.

ದೀಪ ಹಸಿರಾಯಿತು.

ಪೊಟ್ಟಣವನ್ನು ಮತ್ತೆ ಒರಗಿಸಿದಳು: ಕೆಂಪು. ಎತ್ತಿದಳು: ಹಸಿರು. ಆಗ ಹೊಳೆಯಿತು. ಪೊಟ್ಟಣದ ಒಳಮೈಯೆಲ್ಲ ವೈಫೈ ತಡೆಯುವ ಬೆಳ್ಳಿಹಾಳೆ! ರಕ್ಷೆಗೆಂದು ಇಟ್ಟದ್ದನ್ನೇ ರೂಟರಿನ ಮುಖಕ್ಕೆ ಮುಸುಕಾಗಿ ಹಾಕಿದ್ದಳು. ಅವಳು ಬಿದ್ದುಬಿದ್ದು ನಕ್ಕಳು. ಆ ರಕ್ಷೆಗೂ ಅನ್ಯಾಯವಾಗಬಾರದಲ್ಲ, ಪೊಟ್ಟಣವನ್ನು ಯಂತ್ರದ ತಲೆಯ ಮೇಲೆ ಕೂರಿಸಿದಳು.

ಕಂಪ್ಯೂಟರಿನ ಪರದೆಯಲ್ಲಿ ಗಿರಾಕಿ ಕಳಿಸಿದ ಬೇಸ್‌ಬಾಲ್ ತಂಡದ ಹುಲಿ ಚಿತ್ತಾರ ಬಂದು ಕೂತಿತು. ಹನ್ನೆರಡು ಸೂಜಿಗಳು ಒಟ್ಟಿಗೆ ಟೋಪಿಗಳ ಮೇಲಿಳಿದವು. ಎರಡನೇ ಯಂತ್ರವೂ ದನಿಗೂಡಿಸಿದಾಗ ತಗಡೆಲ್ಲ ನಡುಗಿತು. ಇಷ್ಟು ಸಂತೋಷ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

"ಎಲ್ಲಮ್ಮ ಸಾಮಾನು?" ಗುಜರಿಯವನು ಬಾಗಿಲಲ್ಲಿ ನಿಂತಿದ್ದ.

ಮೂಲೆಯಲ್ಲಿ ಬಿದ್ದಿದ್ದ ಹರಿದ ತಂತಿಯ ಸುರುಳಿಯನ್ನು ಎತ್ತಿ ಬೀಯುನ್ ಅವನ ತೋಳಿಗೆ ಹಾಕಿದಳು. "ಇದೇ. ನಲವತ್ತು ಮೀಟರ್. ಒಳಗೆ ತಾಮ್ರ ಚೆನ್ನಾಗಿದೆ."

ಆಮೇಲೆ ಮೈದುನನ ಕಡೆ ತಿರುಗಿದಳು. "ಕಾರು ಗಲ್ಲೀಲೇ ಇರ್ಲಿ ಬಿಡು. ಕಸದ ಲಾರಿ ಬರೋ ಹೊತ್ತಿಗೆ ಮಾತ್ರ ಹುಷಾರು."