ಟ್ರೇಲರಿನಲ್ಲಿ ಇಲ್ಲದವಳು

“ಏಯ್ ಮುಂಡೇದೆ, ಕುದುರೆ ಹತ್ತಿಸು ಅಂದ್ರೆ ಅದರ ಕೊರಳಿಗೆ ಬಿದ್ದು ಅಳ್ತಾ ನಿಂತಿದ್ದೀಯಲ್ಲ! ನಿನ್ನ ಸಿಂಬಳ ಒರೆಸ್ಕೊಳ್ಳೋಕೇನೇ ನಾನು ಬೆಳಗ್ಗೆಯಿಂದ ಅದರ ಮೈ ತಿಕ್ಕಿದ್ದು?”

ತಿಕ್ಕಿದವಳು ಅವಳೇ. ಬೆಳಕು ಹರಿಯುವ ಮೊದಲೇ ಎದ್ದು ನಲ್ಲಿಯಿಂದ ನೀರು ಹೊತ್ತು, ಗೊರಸಿನ ಸಂದಿಯ ಮಣ್ಣನ್ನು ಕೆದಕಿ ತೆಗೆದು, ಜೂಲು ಬಾಚಿ, ಆ ಕಂದು ಮೈಯನ್ನು ಮಿರಮಿರ ಮಿಂಚುವ ಹಾಗೆ ಮಾಡಿ ನಿಲ್ಲಿಸಿದ್ದಳು. ಆದರೆ ಧಣಿಯ ಬಾಯಲ್ಲಿ ಎಲ್ಲ ಕೆಲಸವೂ ಧಣಿಯೇ ಮಾಡಿದ್ದಾಗಿರುತ್ತಿತ್ತು. ಲಾಯ ಕಟ್ಟಿದ್ದು ಅವರು, ಹುಲ್ಲು ಕೊಯ್ದದ್ದು ಅವರು, ಮರಿ ಸಾಕಿದ್ದೂ ಅವರೇ.

ಮರಿ ಸಾಕಿದ್ದು ಯಾರೆಂದು ಮಾತ್ರ ಊರಿಗೇ ಗೊತ್ತಿತ್ತು. ತಾಯಿಕುದುರೆ ಹೆತ್ತ ಜಾಗದಲ್ಲೇ ಕಣ್ಣು ಮುಚ್ಚಿದಾಗ, ಒದ್ದೆ ಮೈಯ ಮರಿಯನ್ನು ತನ್ನ ಕಂಬಳಿಯಲ್ಲಿ ಸುತ್ತಿ, ಸೀಸೆಯಲ್ಲಿ ಹಾಲು ಕುಡಿಸಿ, ಅದರ ಪಕ್ಕದಲ್ಲೇ ಹುಲ್ಲಿನ ಮೇಲೆ ಮಲಗಿ ಬದುಕಿಸಿಕೊಂಡವಳು ಅವಳು. ಮಕ್ಕಳಾಗದ ಹೆಂಗಸು. ಲಾಯದ ಆಳುಗಳು ಸುಮ್ಮನಿದ್ದಾರೆಯೇ? ‘ಕುದುರೆಯಮ್ಮ’ ಎಂದು ಹೆಸರಿಟ್ಟರು. “ಬಾಣಂತಿಗೆ ಒಂದು ಹೊರೆ ಹುಲ್ಲು ಹಾಕ್ರೋ, ಎದೆಹಾಲು ಬರ್ಲಿ” ಎಂದು ನಕ್ಕರು. ಅವಳೂ ನಕ್ಕಳು. ಧಣಿ ಮರಿಗೆ ಇಟ್ಟ ಉದ್ದನೆಯ ಹೆಸರು ಅವಳ ನಾಲಿಗೆಯಲ್ಲಿ ಹೊರಳಲಿಲ್ಲ. ಅವಳು ಕರೆದದ್ದು ಕೂಸು ಎಂದೇ.

ಈಗ ಕೂಸು ಮಾರಾಟವಾಗಿತ್ತು. ಬೆಟ್ಟದಾಚೆಯ ಊರಿನ ಯಾರೋ ದೊಡ್ಡವರು ಕೊಂಡಿದ್ದರು. ಮೈಮೇಲೆ ಒಂದು ಗೀರೂ ಇಲ್ಲದಂತೆ ಸಂಜೆಯೊಳಗೆ ಮುಟ್ಟಿಸಬೇಕಿತ್ತು.

ತಗಡಿನ ಟ್ರೇಲರ್ ಕಂಡರೆ ಕೂಸಿಗೆ ಆಗುತ್ತಿರಲಿಲ್ಲ. ಹೊಡೆದರೂ ಬಡಿದರೂ ಹತ್ತುವ ಹಲಗೆಯ ಮೇಲೆ ಕಾಲಿಡದು. ಅವಳು ಎದುರಿಗೆ ಹಿಮ್ಮುಖವಾಗಿ ನಡೆಯುತ್ತ ತಾನು ಮೊದಲು ಒಳಗೆ ಹೋಗಬೇಕು. ಅವಳ ಮುಖವನ್ನೇ ನೋಡುತ್ತ ಅದು ಒಂದೊಂದೇ ಹೆಜ್ಜೆ ಹತ್ತುತ್ತಿತ್ತು. ಹತ್ತಿದ ಮೇಲೂ ಆ ಮುಖ ಕಣ್ಣಿಗೆ ಬೀಳುತ್ತಲೇ ಇರಬೇಕು. ಅದಕ್ಕೆಂದೇ ಧಣಿ ಟ್ರೇಲರಿನ ಮುಂಭಾಗದ ಮೇವಿನ ತೊಟ್ಟಿಯನ್ನು ಕೀಳಿಸಿ, ಕುದುರೆಯ ಎದೆಗೆ ತಾಗುವ ಅಡ್ಡಕಂಬಿಯ ಈಚೆಗೆ ಒಬ್ಬಳು ನಿಲ್ಲುವಷ್ಟು ಜಾಗ ಮಾಡಿಸಿದ್ದರು. ಪ್ರಾಣಿಯ ಜೊತೆ ಟ್ರೇಲರಿನಲ್ಲಿ ಮನುಷ್ಯರು ಹೋಗಕೂಡದೆಂದು ಕಾನೂನು. ಅದಕ್ಕೂ ಧಣಿ ದಾರಿ ಕಂಡುಕೊಂಡಿದ್ದರು. ಮುಂದೆ ಜೀಪು ಓಡಿಸುವ ಅವಳ ಗಂಡ, ಪೊಲೀಸರು ಕಂಡ ಕೂಡಲೇ ಎರಡು ಸಲ ಚಿಕ್ಕದಾಗಿ ಹಾರ್ನ್ ಒತ್ತಬೇಕು. ಅವಳು ಕುಕ್ಕರುಗಾಲಲ್ಲಿ ಕೂತು ಗೋಣಿತಾಟು ಹೊದ್ದುಕೊಳ್ಳಬೇಕು.

“ನೆನಪಿದೆಯೇನೇ?” ಧಣಿ ಕೇಳಿದರು. “ಹಾರ್ನ್ ಕೇಳಿದ್ರೆ ನೀನು ಹೆಂಗಸಲ್ಲ, ಹುಲ್ಲಿನ ಮೂಟೆ.”

“ಹೂಂ ಧಣಿ.”

“ಮೂಟೆ ಎಲ್ಲಾದ್ರೂ ಹೂಂ ಅನ್ನುತ್ತೇನೇ?”

ಆಳುಗಳು ಕಿಸಕ್ಕೆಂದರು. ಗಂಡನೂ ನಕ್ಕ. ಆಮೇಲೆ ತಲೆ ಕೆರೆದುಕೊಳ್ಳುತ್ತ ಹೇಳಿದ, “ಧಣಿ, ಜೀಪಿಗೆ ಟ್ರೇಲರ್ ಸಿಗಿಸೋ ಕೊಂಡಿ ಪೂರಾ ಸವೆದುಹೋಗಿದೆ. ಇಳಿಜಾರಲ್ಲಿ ಒಂದೊಂದು ಸಲ...”

“ಸವೆದಿರೋದು ನಿನ್ನ ತಲೆ ಕಣೋ. ಹೋಗಿ ಬಂದ ಮೇಲೆ ನೋಡೋಣ. ನಡಿ, ನಡಿ.”

ಅವಳು ಹಿಮ್ಮುಖವಾಗಿ ಹಲಗೆ ಹತ್ತಿದಳು. ಕೂಸು ಹಿಂದೆಯೇ ಬಂತು. ಗಂಡ ಬಾಗಿಲು ಮುಚ್ಚಲು ಬಂದಾಗ, “ರೀ, ಸ್ವಲ್ಪ ನಿಧಾನಕ್ಕೆ ಹೋಗಿ. ಇಷ್ಟು ದಾರಿಯೇ ಉಳಿದಿರೋದು ನನಗೆ ಇವಳ ಜೊತೆ” ಎಂದಳು.

“ನಿಧಾನಕ್ಕೆ ಹೋದ್ರೆ ಮಾರಿದ ಕುದುರೆ ವಾಪಸ್ ಬರುತ್ತೇನೇ?” ಎಂದು ಅವನು ಹೊರಗಿನಿಂದ ಚಿಲಕ ಜಡಿದ. ಆದರೆ ನಿಧಾನಕ್ಕೇ ಓಡಿಸಿದ. ಅಷ್ಟು ಅವನಲ್ಲಿತ್ತು.

ತಗಡಿನ ಸೀಳುಗಳಿಂದ ಬಿಸಿಲು ಗೆರೆಗೆರೆಯಾಗಿ ಬಂದು ಕೂಸಿನ ಹಣೆಯ ಮೇಲೆ ಓಡುತ್ತಿತ್ತು. ಅವಳು ಅದರ ಮೂಗಿನ ಮೇಲೆ ಅಂಗೈಯಿಟ್ಟು, ಅಲ್ಲಿ ಹೊಸ ಲಾಯ ಚೆನ್ನಾಗಿರುತ್ತದೆಂದೂ, ಹಟ ಮಾಡಬಾರದೆಂದೂ, ನೀರು ತಣ್ಣಗಿದ್ದರೂ ಕುಡಿಯಬೇಕೆಂದೂ ಹೇಳುತ್ತ ಹೋದಳು. ಯಾರಿಗೂ ಹೇಳದ ಮಾತುಗಳನ್ನೂ ಹೇಳಿದಳು. ಮದುವೆಯಾದ ಹೊಸದರಲ್ಲಿ ಗಂಡ ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದುದನ್ನು, ಆಮೇಲೆ ಯಾವಾಗಲೋ ಅದನ್ನು ಮರೆತೇಬಿಟ್ಟದ್ದನ್ನು. ಕೂಸು ಬಿಸಿ ಉಸಿರನ್ನು ಅವಳ ಕೊರಳಿಗೆ ಬಿಡುತ್ತ ಕಿವಿ ನಿಮಿರಿಸಿ ಕೇಳಿತು.

ಬೆಟ್ಟದ ಇಳಿಜಾರು ಶುರುವಾದದ್ದು ಕಾಲಿಗೆ ತಿಳಿಯಿತು. ಟ್ರೇಲರಿನ ಭಾರವೆಲ್ಲ ಮುಂದಕ್ಕೆ ಜಗ್ಗುತ್ತಿತ್ತು. ಆಗಲೇ ಹಾರ್ನ್ ಕೇಳಿದ್ದು. ಎರಡು ಸಲ, ಚಿಕ್ಕದಾಗಿ.

ಈ ಇಳಿಜಾರಿನಲ್ಲೇ? ಅವಳು ತಡೆದಳು. ಹಾರ್ನ್ ಮತ್ತೆ ಎರಡು ಸಲ, ಗದರಿದ ಹಾಗೆ. ಅವಳು ಕೂತಳು. ಗೋಣಿತಾಟು ತಲೆಯ ಮೇಲೆ ಎಳೆದುಕೊಂಡಳು.

ಕೂಸಿನ ಕಣ್ಣಿಗೆ ಆ ಮುಖ ಇಲ್ಲವಾಯಿತು. ಒಂದು ಗಳಿಗೆ ಅದು ಕಾಯಿತು. ಮೂಗಿನಿಂದ ಗಾಳಿಯನ್ನು ತಡಕಿತು. ಆಮೇಲೆ ಕಂಬಿಯ ಕೆಳಗೆ ತಲೆ ತುರುಕಲು ನೋಡಿತು, ಆಗಲಿಲ್ಲ. ಇಡೀ ಮೈಯನ್ನು ಎಡಕ್ಕೆ ಎಸೆಯಿತು, ಬಲಕ್ಕೆ ಎಸೆಯಿತು. ಟ್ರೇಲರ್ ತೊಟ್ಟಿಲಿನ ಹಾಗೆ ಓಲಾಡಿತು. “ಇಲ್ಲೇ ಇದ್ದೀನಿ ಕೂಸೇ, ಇಲ್ಲೇ ಇದ್ದೀನಿ!” ಅವಳು ಗೋಣಿ ಕಿತ್ತೆಸೆದು ಎದ್ದಳು. ಕಬ್ಬಿಣ ಹರಿದ ಸದ್ದು ಕೇಳಿತು. ಅದರ ಹಿಂದೆಯೇ ಇನ್ನೊಂದು ವಿಚಿತ್ರ: ಜೀಪಿನ ಸದ್ದು ಬೇರೆಯಾಯಿತು, ತಮ್ಮ ಗಾಲಿಯ ಸದ್ದು ಬೇರೆಯಾಯಿತು. ಜೀಪು ದೂರ ಹೋಗುತ್ತಿತ್ತು. ತಾವಿಬ್ಬರೇ ಯಾರೂ ಹಿಡಿಯುವವರಿಲ್ಲದೆ ಉರುಳುತ್ತಿದ್ದರು.

ಅವಳು ಕೂಸಿನ ಕೊರಳನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ಬಿಸಿಲಿನ ಗೆರೆಗಳೆಲ್ಲ ಗಿರ್ರನೆ ತಿರುಗಿದವು. ನೆಲವಿದ್ದದ್ದು ಗೋಡೆಯಾಯಿತು.

ಕಣ್ಣು ಬಿಟ್ಟಾಗ ಎಡಗೈ ಕೂಸಿನ ಭುಜದ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಅದು ಒಮ್ಮೆ ಜಾಡಿಸಿ ಏಳಲು ನೋಡಿದ್ದರೂ ಅವಳ ಎದೆ ನುಚ್ಚುನೂರಾಗುತ್ತಿತ್ತು. ಜಾಡಿಸಲಿಲ್ಲ. ಅವಳ ದನಿ ಕೇಳಿದ ಮೇಲೆ, ಮೈಯೆಲ್ಲ ನಡುಗುತ್ತಿದ್ದರೂ, ಬಿದ್ದಲ್ಲೇ ಬಿದ್ದುಕೊಂಡಿತ್ತು. ಅದರ ಹಿಂಗಾಲು ಮಾತ್ರ ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ಚರ್ಮದಿಂದ ಬಿಳಿ ಮೂಳೆ ಹೊರಗೆ ಬಂದಿತ್ತು.

ರಸ್ತೆಬದಿಯ ಪಂಕ್ಚರ್ ಅಂಗಡಿಯವನು ಓಡಿ ಬಂದು ಚಿಲಕ ಒಡೆದು ಅವಳನ್ನು ಹೊರಗೆ ಎಳೆದುಕೊಂಡ. ಗಂಡ ಜೀಪು ನಿಲ್ಲಿಸಿ ಏದುಸಿರು ಬಿಡುತ್ತ ಬಂದ. ಪೊಲೀಸರನ್ನು ಕಂಡೇ ಅವನು ಹಾರ್ನ್ ಒತ್ತಿದ್ದು. ಇಬ್ಬರು ಪೇದೆಗಳು ಕೆಳಗಿನ ತಿರುವಿನಿಂದ ಬಂದು ನಿಂತರು. ಅಷ್ಟರಲ್ಲಿ, ಅವರ ಹಿಂದೆಯೇ ಊರಿನಿಂದ ಹೊರಟಿದ್ದ ಧಣಿಯ ಕಾರೂ ಬಂತು.

“ಕುದುರೆ?” ಎಂದರು ಧಣಿ, ಇಳಿಯುವ ಮೊದಲೇ. ಒಳಗೆ ಬಗ್ಗಿ ನೋಡಿದರು. ಹೊರಗೆ ಬಂದವರ ಕಣ್ಣು, ನೆಲದ ಮೇಲೆ ಕೈ ಹಿಡಿದುಕೊಂಡು ಕೂತ ಅವಳ ಮೇಲೆ ಬಿತ್ತು. “ಇವಳೇನು ಮಾಡ್ತಿದ್ದಾಳೆ ಇಲ್ಲಿ?”

“ಒಳಗೆ ಸಿಕ್ಕಾಕ್ಕೊಂಡಿದ್ರು ಸ್ವಾಮಿ, ನಾನೇ ತೆಗೆದೆ” ಎಂದ ಪಂಕ್ಚರ್‌ನವನು.

“ಒಳಗೆ ಯಾರೂ ಇರ್ಲಿಲ್ಲ” ಎಂದರು ಧಣಿ.

ಪಂಕ್ಚರ್‌ನವನು ತನ್ನ ಕೈ ನೋಡಿಕೊಂಡ. ಅವಳ ರಕ್ತ ಇನ್ನೂ ಆರಿರಲಿಲ್ಲ. ಧಣಿ ಆಗಲೇ ಪೇದೆಗಳ ಹೆಗಲ ಮೇಲೆ ಕೈಯಿಟ್ಟು ಆಚೆ ಕರೆದೊಯ್ದಿದ್ದರು. ಅವರು ವಾಪಸ್ ಬರುವಾಗ ಪೇದೆಗಳು ಬರಲಿಲ್ಲ.

ದನದ ಡಾಕ್ಟರು ಬಂದು ನೋಡಿ ತಲೆಯಾಡಿಸಿದರು. “ಇದು ಕೂಡೋ ಕಾಲಲ್ಲ. ಸೂಜಿ ಹಾಕಿ ಪ್ರಾಣ ಬಿಡಿಸೋದೇ ಪುಣ್ಯ.”

ಅವಳು ಎದ್ದು ಧಣಿಯ ಕಾಲ ಬಳಿ ಹೋದಳು. “ಹಾಕಿಸಿ ಧಣಿ. ನೋಡೋಕಾಗಲ್ಲ. ಈಗ್ಲೇ ಹಾಕಿಸಿ.”

“ಹಾಕಿಸ್ತೀನಿ.” ಧಣಿ ದನಿ ತಗ್ಗಿಸಿದರು. ಅಷ್ಟು ಮೆತ್ತಗೆ ಅವರು ಅವಳೊಂದಿಗೆ ಎಂದೂ ಮಾತಾಡಿರಲಿಲ್ಲ. “ವಿಮೆಯೋನು ಬರ್ತಿದ್ದಾನೆ. ಒಳಗೆ ಹೆಂಗಸಿದ್ಲು ಅಂತ ಗೊತ್ತಾದ್ರೆ ಕುದುರೆಗೆ ಒಂದು ಕಾಸೂ ಹುಟ್ಟಲ್ಲ. ನೀನು ಕಣ್ಣಿಗೆ ಬೀಳದ ಹಾಗೆ ಎಲ್ಲಾದ್ರೂ ಹೋಗು. ನೀನು ಹೋದ ತಕ್ಷಣ ಸೂಜಿ. ನೀನು ಇಲ್ಲಿ ನಿಂತಷ್ಟು ಹೊತ್ತೂ ಅದು ನರಳುತ್ತೆ. ನಿನ್ನಿಷ್ಟ.”

ಅವಳು ಗಂಡನ ಕಡೆ ನೋಡಿದಳು.

“ಹೋಗೇ” ಎಂದ ಅವನು. “ಇಲ್ದಿದ್ರೆ ಧಣಿ ಕೊಟ್ಟಿರೋ ರೂಮೂ ಬಿಡಿಸ್ತಾರೆ. ನೀನು ಮನೇಲಿದ್ದೆ. ನೀನು ಬರ್ಲೇ ಇಲ್ಲ, ತಿಳೀತಾ?”

“ಮತ್ತೆ ನನ್ನ ಕೈ?”

“ಮನೇಲೇ ಎಲ್ಲೋ ಬಿದ್ದು ಮುರೀತು ಅನ್ನು.”

ಅವನು ಆ ಕೈಯನ್ನು ನೋಡಲೂ ಇಲ್ಲ. ಒಮ್ಮೆ ನೋಡಿದ್ದರೆ ಸಾಕಿತ್ತು ಎಂದು ಅವಳಿಗೆ ಆಮೇಲೆ ಅನಿಸಿತು. ಒಂದು ಸಲ ನೋಡಿ, ಆಮೇಲೆ ಹೋಗು ಎಂದಿದ್ದರೆ ಅವಳು ಬಹುಶಃ ವಾಪಸ್ ಬರದೆ ಹೋಗಿಯೇ ಬಿಡುತ್ತಿದ್ದಳು.

ಕೂಸಿಗೆ ಹೇಳದೆ ಹೋದಳು. ಹೇಳಲು ಹೋದರೆ ಅಲ್ಲಿಂದ ಕಾಲು ಕಿತ್ತಿಡಲಾಗುವುದಿಲ್ಲವೆಂದು ಗೊತ್ತಿತ್ತು.

ಪಂಕ್ಚರ್ ಅಂಗಡಿಯ ಹಿಂದೆ ಹಳೆಯ ಟೈರುಗಳ ರಾಶಿ. ಅದರ ಮರೆಯಲ್ಲಿ ಕೂತು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಹಲ್ಲಿನಿಂದ ಎಳೆದು ಕೈಗೆ ಬಿಗಿದುಕೊಂಡಳು. ಇನ್ನು ಹಾಕುತ್ತಾರೆ. ಈಗ ಹಾಕಿರುತ್ತಾರೆ. ಕಿವಿಗೊಟ್ಟು ಕೂತಳು.

ಕೂಸು ಕೆನೆಯಿತು.

ಅದರ ಒಂದೊಂದು ಕೆನೆತವೂ ಅವಳಿಗೆ ಮಾತಿನಷ್ಟೇ ಸ್ಪಷ್ಟ. ಹಾಲು ತಡವಾದಾಗಿನದು ಒಂದು, ಗುಡುಗಿಗೆ ಬೆಚ್ಚಿದ್ದು ಇನ್ನೊಂದು. ಇದು ನೋವಿನದಲ್ಲ. ಲಾಯದ ಬಾಗಿಲು ಮುಚ್ಚಿ ಅವಳು ಮನೆಗೆ ಹೊರಟಾಗ ಬೆನ್ನ ಹಿಂದೆ ಕೇಳುತ್ತಿದ್ದದ್ದು. ಎಲ್ಲಿ ಹೋದೆ ಎಂದು ಕೇಳುವುದು. ಒಮ್ಮೆ, ಮತ್ತೊಮ್ಮೆ, ಮತ್ತೆ. ಅವಳು ಕಿವಿ ಮುಚ್ಚಿಕೊಳ್ಳಹೋದರೆ ಮುಚ್ಚಲು ಒಂದೇ ಕೈಯಿತ್ತು.

ಟೈರಿನ ನೆರಳು ಅವಳ ಪಾದ ದಾಟಿ ಅಷ್ಟು ದೂರ ಹೋದ ಮೇಲೆ ಪಂಕ್ಚರ್‌ನವನು ನೀರು ತಂದ.

“ಹಾಕಿದ್ರೇನಣ್ಣ?”

ಅವನು ಮುಖ ತಿರುಗಿಸಿದ. “ಇಲ್ಲಮ್ಮ. ಡಾಕ್ಟ್ರು ಕಾರಲ್ಲಿ ಕೂತು ಬೀಡಿ ಸೇದ್ತಿದ್ದಾರೆ. ವಿಮೆಯೋನು ಬಂದು ಜೀವ ಇರೋದನ್ನ ಕಣ್ಣಾರೆ ನೋಡ್ಬೇಕಂತೆ. ಅದಕ್ಕೆ ಮೊದಲೇ ಸಾಯಿಸಿದ್ರೆ ದುಡ್ಡಿಲ್ಲವಂತೆ. ನೀವು ಇದ್ರೂ ಅಷ್ಟೇ, ಹೋದ್ರೂ ಅಷ್ಟೇ ಆಗಿತ್ತು.” ನೆಲಕ್ಕೆ ಉಗಿದ. “ಬೇವರ್ಸಿ ನನ್ಮಕ್ಕಳು.”

ಅವಳು ನೀರು ಕುಡಿದಳು. ಲೋಟವನ್ನು ಜೋಪಾನವಾಗಿ ಟೈರಿನ ಮೇಲಿಟ್ಟಳು.

ಅವಳು ರಸ್ತೆ ದಾಟುವಾಗ ವಿಮೆಯವನ ಕಾರು ಬಂದು ನಿಂತಿತ್ತು. ಚಿಕ್ಕ ವಯಸ್ಸಿನವನು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು, ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದ. ಧಣಿ ಅವನಿಗೆ ಬಾಗಿಲು ತೋರಿಸುತ್ತಿದ್ದರು. ಅವಳು ಅವರಿಬ್ಬರ ನಡುವೆಯೇ ಹಾದು, ಬಗ್ಗಿ, ಮಗುಚಿದ ಟ್ರೇಲರಿನೊಳಗೆ ತೆವಳಿ ಹೋದಳು.

“ಏಯ್! ಏಯ್ ಲೌಡಿ! ಆಚೆ ಬಾ!”

ಕೂಸು ಅವಳ ಮುಖ ನೋಡಿತು. ಕೆನೆತ ಅಲ್ಲಿಗೇ ನಿಂತಿತು. ಅವಳು ಅದರ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ತಗಡಿಗೆ ಒರಗಿ ಕೂತಳು.

“ಇದ್ಯಾರು?” ಕ್ಯಾಮೆರಾದವನು ಕೇಳಿದ.

“ರಸ್ತೆ ಮೇಲಿನ ಹುಚ್ಚಿ ಸಾರ್. ಎಲ್ಲಿಂದ ಬಂದ್ಲೋ ಏನೋ.” ಧಣಿ ನಗಲು ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ, ಒಂದೊಂದೇ ಮಾತನ್ನು ಒತ್ತಿ ಕೇಳಿದರು, “ಲೋ ಡ್ರೈವರ್, ಇವಳು ಯಾರು ಅಂತ ನಿನಗೇನಾದ್ರೂ ಗೊತ್ತೇನೋ?”

ಅವಳು ತಲೆ ಎತ್ತಲಿಲ್ಲ. ಕೂಸಿನ ಕಣ್ಣಿನ ಮೇಲೆ ಕೂರಲು ಬಂದ ನೊಣವನ್ನು ಓಡಿಸುತ್ತ, ಉಸಿರು ಹಿಡಿದು ಕಾದಳು. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವನು ಒಮ್ಮೆ ಕೆಮ್ಮಿದ್ದು, ಚಪ್ಪಲಿ ಮಣ್ಣಿಗೆ ಉಜ್ಜಿದ್ದು, ಎರಡೂ ಅವಳಿಗೆ ಕೇಳಿಸಿತು.

“ಗೊತ್ತಿಲ್ಲ ಧಣಿ.”

ಅವಳು ಉಸಿರು ಬಿಟ್ಟಳು.

“ಸ್ವಾಮಿ,” ಎಂದಳು ಕ್ಯಾಮೆರಾದವನಿಗೆ, “ಫೋಟೋ ತೆಗೀರಿ. ನಾನೂ ಬರೋ ಹಾಗೆ ತೆಗೀರಿ. ಇವಳ ಜೊತೆ ಬಂದವಳು ನಾನು. ಪೊಲೀಸ್ರನ್ನ ಕಂಡು ಹಾರ್ನ್ ಹೊಡೆದ್ರು, ನಾನು ಬಚ್ಚಿಟ್ಟುಕೊಂಡೆ. ನಾನು ಕಾಣ್ಲಿಲ್ಲ ಅಂತ ಇವಳು ಬೆದರಿದ್ಲು. ಕೊಂಡಿ ಸವೆದಿತ್ತು, ಅದೂ ಇವರಿಗೆ ಗೊತ್ತಿತ್ತು. ಈ ಕೈ ಇಲ್ಲೇ ಮುರಿದದ್ದು, ಇವಳ ಭುಜದಡಿ ಸಿಕ್ಕಿ. ನೋಡಿ, ನನ್ನ ಕೂದಲು ಇನ್ನೂ ಈ ಕಂಬಿಗೆ ಅಂಟಿದೆ.”

“ಸುಳ್ಳಿ! ಬೋಳಿ! ಉಂಡ ಮನೆಗೆ...” ಧಣಿಯ ಬಾಯಿಂದ ನೊರೆ ಬಂತು. “ಎಳೀರೋ ಇವಳನ್ನ! ಲೋ ಡ್ರೈವರ್, ಎಳೆಯೋ!”

ಕ್ಯಾಮೆರಾದವನು ಕರವಸ್ತ್ರವನ್ನು ಮೂಗಿನಿಂದ ತೆಗೆದ. ಒಂದು ಸಲ ಬೆಳಕು ಮಿಂಚಿತು. ಇನ್ನೊಂದು ಸಲ.

“ನೋಡಿದ್ರಲ್ಲ, ಜೀವ ಇದೆ” ಎಂದಳು ಅವಳು. “ಇನ್ನು ಇವಳನ್ನ ನರಳಿಸಿ ಯಾರಿಗೂ ಯಾವ ಲಾಭಾನೂ ಇಲ್ಲ. ಡಾಕ್ಟ್ರೇ, ಬನ್ನಿ.”

ಡಾಕ್ಟರು ಧಣಿಯ ಮುಖ ನೋಡಲಿಲ್ಲ. ತಲೆ ತಗ್ಗಿಸಿ ಬಂದು ಸೂಜಿ ಹಾಕಿದರು. ಅವಳು ಕಿವಿಯ ಬಳಿ ಬಾಗಿ, “ಇಲ್ಲೇ ಇದ್ದೀನಿ, ಇಲ್ಲೇ ಇದ್ದೀನಿ” ಎನ್ನುತ್ತಲೇ ಇದ್ದಳು, ಆ ಕಣ್ಣಿನೊಳಗಿನ ತನ್ನ ಮುಖ ಮಂಕಾಗುವವರೆಗೂ, ಮಂಕಾದ ಮೇಲೂ.

ಧಣಿಯ ಕಾರು ಧೂಳೆಬ್ಬಿಸಿ ಹೋಯಿತು. ಬಹಳ ಹೊತ್ತಾದ ಮೇಲೆ ಟ್ರೇಲರಿನ ಬಾಗಿಲಲ್ಲಿ ಒಂದು ನೆರಳು ಬಂದು ನಿಂತಿತು. ಬಗ್ಗಿ, ಕೈ ಚಾಚಿತು.

“ಬಾರೇ” ಎಂದ ಅವನು. ದನಿ ಒಡೆದಿತ್ತು. “ಬಾ, ಕೈ ತೋರಿಸ್ಕೊಂಡು ಬರೋಣ. ಆಸ್ಪತ್ರೆಗೆ...”

ಅವಳು ಆ ಕೈಯನ್ನು ನೋಡಿದಳು. ಉಗುರಿನಲ್ಲಿ ಗ್ರೀಸಿನ ಕಪ್ಪು, ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಹಳೆಯ ಗಾಯ. ಆ ಗಾಯಕ್ಕೆ ಎಣ್ಣೆ ಹಚ್ಚಿದವಳು ತಾನೇ. ನಿಧಾನವಾಗಿ ಕಣ್ಣೆತ್ತಿದಳು.

“ಯಾರಪ್ಪ ನೀನು?”

ಕೈ ಹಾಗೇ ಚಾಚಿಕೊಂಡಿತ್ತು. ಅವಳ ತೊಡೆಯ ಮೇಲೆ ಕೂಸಿನ ತಲೆ ತಣ್ಣಗಾಗುತ್ತ, ಭಾರವಾಗುತ್ತ ಬಂತು.