ಹೂಂ ಅಂದವನು

"ತಲೆ ಎತ್ತಪ್ಪಾ," ಅಂದ ಕಟಿಂಗ್ ಶಾಪಿನ ಯಜಮಾನ. ಗಿರಾಕಿ ಎತ್ತಿದ. ಕೈಯಲ್ಲಿದ್ದ ಮೊಬೈಲ್ ಮಿಣುಕ್ ಅಂತು, ಮತ್ತೆ ಬಗ್ಗಿಸಿದ. ಹೀಗೆ ಎತ್ತೋದು ಬಗ್ಗಿಸೋದು ಮಾಡ್ತಿದ್ರೆ ಕತ್ತರಿಯಾದ್ರೂ ಏನು ಮಾಡ್ಬೇಕು? ಹಿಂದಲೆ ಇಲಿ ಕಡಿದ ಹಾಗಾಯ್ತು. ಬೈಸಿಕೊಂಡಿದ್ದು ಮಾತ್ರ ಯಜಮಾನನೇ.

ಗಿರಾಕಿ ಹೋದ ಮೇಲೆ ಬೆಂಚಿನ ಕಡೆ ತಿರುಗಿದ. ಅಲ್ಲಿ ಅಣ್ಣನ ಮಗಳು ಕೂತಿದ್ಲು. ಮೊಬೈಲ್ ಬಂದ್ಮೇಲೆ ಜನರ ಕೆಲಸ, ಮಾತುಕತೆ ಹೇಗೆ ಬದಲಾಗಿದೆ ಅಂತ ನೋಡೋಕೆ ಕಾಲೇಜಿನವರು ಕಳಿಸಿದ್ರು. ಹತ್ತು ದಿನದಿಂದ ದಿನಾ ಬರ್ತಿದ್ಲು, ಬೆಂಚು ಬಿಟ್ಟು ಎದ್ದವಳಲ್ಲ.

"ನೋಡಿದ್ಯಲ್ಲ. ಎದುರಿಗಿರೋ ಮನುಷ್ಯ ಈ ಜನಕ್ಕೆ ಕಾಣಿಸೋದೇ ಇಲ್ಲ."

"ನಿಮ್ಮ ಕಿವೀಲಿರೋದೇನು ಚಿಕ್ಕಪ್ಪ?"

"ಇದಾ? ಕ್ರಿಕೆಟ್ ಕಾಮೆಂಟರಿ. ಒಂದೇ ಕಿವಿಗೆ. ಇನ್ನೊಂದು ಗಿರಾಕಿಗೆ ಬಿಟ್ಟಿಲ್ವಾ?"

ಅವಳು ಬಾಯಿ ತೆರೆದು ಮುಚ್ಚಿದ್ಲು. ಅವನಿಗೆ ರೇಗಿತು. "ಅದೇನು ಉಗುಳು."

"ಇವತ್ತು ಆ ಬಸ್ ಡ್ರೈವರ್ ತಾತನ ಮನೆಗೆ ಹೋಗಲ್ವಾ?"

"ಯಾಕೆ?"

"ಹೋದ ವಾರ ಇದೇ ಕುರ್ಚೀಲಿ ಹೇಳಿದ್ರು. ನಾಳೆ ಅವರಿಗೆ ಗಂಟಲು ಆಪರೇಷನ್. ಆಮೇಲೆ ಮಾತು ಬರೋದು ಅನುಮಾನವಂತೆ. ಹಿಂದಿನ ದಿನ, ಅಂದ್ರೆ ಇವತ್ತು, ಮನೆಗೆ ಬಂದು ಶೇವ್ ಮಾಡು, ಒಂದಿಷ್ಟು ಮಾತಾಡೋಣ ಅಂದ್ರು. ನೀವು ಹೂಂ ಅಂದ್ರಿ."

ಆವತ್ತಿನ ಕೊನೇ ಓವರ್ ಅವನಿಗೆ ಪೂರ್ತಿ ನೆನಪಿತ್ತು. ತಾತನ ಮಾತು ಒಂದೂ ಇರಲಿಲ್ಲ.

"ಆಗ್ಲೇ ಹೇಳೋಕೆ ನಿನಗೇನಾಗಿತ್ತು?"

"ನೋಡಬೇಕಷ್ಟೇ, ನಡುವೆ ಬಾಯಿ ಹಾಕಬಾರದು ಅಂತ ನಮ್ಮ ಮೇಡಂ..."

"ಚೆನ್ನಾಗಿದೆ ನಿಮ್ಮ ಓದು. ಮನೆಗೆ ಬೆಂಕಿ ಬಿದ್ರೂ ಹೊಗೆ ಯಾವ ಬಣ್ಣ ಅಂತ ನೋಡ್ತಾ ಕೂತ್ಕೋತೀರಾ?"

"ತಡ್ಕೊಳ್ಳೋಕಾಗ್ದೆ ಈಗ ಬಾಯಿ ಹಾಕಿದ್ನಲ್ಲ," ಅಂದ್ಲು ಅವಳು, ಮುಖ ಸಪ್ಪಗೆ ಮಾಡ್ಕೊಂಡು.

ಕಿವಿಯಿಂದ ವೈರು ಕಿತ್ತು ಡ್ರಾಯರಿಗೆ ತುರುಕಿದ. ಸಾಮಾನು ಚೀಲಕ್ಕೆ ಹಾಕ್ಕೊಂಡು ಶಟರ್ ಎಳೆದ. ಅವಳೂ ಹಿಂದೆ ಹೊರಟ್ಲು.

ತಾತ ಕೊರಳಿಗೆ ಟವೆಲ್ ಸುತ್ತಿಕೊಂಡು ಕಿಟಕಿ ಪಕ್ಕ ಕೂತಿದ್ದ.

"ನೀವು ಹೇಳಿದ್ದು ನಾನು ಕೇಳಿಸ್ಕೊಂಡೇ ಇರ್ಲಿಲ್ಲ ತಾತ."

"ಗೊತ್ತು ಬಿಡೋ. ಕಿವೀಲಿ ವೈರು ನೇತಾಡ್ತಿತ್ತು."

"ಮತ್ತೆ ಈ ಟವೆಲ್ ಸುತ್ಕೊಂಡು ಕಾಯ್ತಿದ್ರಲ್ಲ?"

"ಹೂಂ ಅಂದಿದ್ಯಲ್ಲ."

ಯಜಮಾನ ನೊರೆ ಹಚ್ಚಿ ಕತ್ತಿ ಎತ್ತಿದ. ತಾತ ಶುರು ಮಾಡಿದ, ಇಳಿಜಾರಲ್ಲಿ ಬಸ್ಸಿನ ಬ್ರೇಕ್ ಹೋದ ಅದೇ ಹಳೇ ಕಥೆ. ಬೇರೆ ದಿನ ಆಗಿದ್ರೆ, 'ಬ್ಲೇಡ್ ಇದೆ, ಬಾಯಿ ಮುಚ್ಚಿ ತಾತ' ಅಂತಿದ್ದ. ಇವತ್ತು ಕತ್ತೀನ ಪಕ್ಕಕ್ಕೆ ಹಿಡಿದು ನಿಂತ. ಕೆನ್ನೆ ಮೇಲಿನ ನೊರೆ ಒಣಗಿತು. ಬ್ರಷ್ ನೀರಿಗೆ ಅದ್ದಿ ಮತ್ತೆ ಹಚ್ಚಿದ.

"ಆಮೇಲೆ?" ಅಂದ.